ಮೂರರ ಮೇಲೆ ಒಂದು ಚುಕ್ಕೆ

ಒಲೆ ಕಳಚಿ ಒಯ್ದ ದಿನ ತೌನೋ ಮಾವ
ಅಡುಗೆಮನೆಯ ಆ ಖಾಲಿ ಚೌಕದ ಎದುರು
ಕುರ್ಚಿ ಎಳೆದುಕೊಂಡು ಕೂತೇ ಇದ್ದ.
ಎರಡು ಸಲ ಪಾತ್ರೆ ಸುಟ್ಟಿತ್ತು, ಮೂರನೆಯ ಸಲ ಪರದೆ.
ಕಟ್ಟಡದವರು ಸಹಿ ಕೇಳಿದರು. ಹಾಕಿದವಳು ನಾನು.

ಹಾಗೆ ಶುರುವಾಯಿತು ನನ್ನ ಶನಿವಾರಗಳ ಓದು.
ಥಂಡರ್ ಬೇಯ ಅಂಗಡಿಯಲ್ಲಿ, ಹಿಮಪೆಟ್ಟಿಗೆಗಳ ಓಣಿಯಲ್ಲಿ,
ಬಸ್ಸಿನ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬಿಚ್ಚದೆ,
ಡಬ್ಬಿ ತಿರುವಿ ಬೆನ್ನಿನ ಇರುವೆಸಾಲು ಓದುವುದು.
ಮುಂದೆ ಚಿತ್ರದಲ್ಲಿ ಕೋಳಿ, ಹಸಿರು, ಹಬೆ;
ಹಿಂದೆ ಐವತ್ತೆಂಟು ಗ್ರಾಂ ಪಿಷ್ಟ,
ಒಂದು ಕಡಲು ಬತ್ತಿಸಿದಷ್ಟು ಉಪ್ಪು.
ಆರೋಗ್ಯಕ್ಕೆ ಹಿತ ಎಂದು ಬರೆದದ್ದರಲ್ಲೇ ಜೇನು ಜಾಸ್ತಿ.
ಬಾಗಿಲು ತೆರೆದಿಟ್ಟು ಲೆಕ್ಕ ಹಾಕುತ್ತಿದ್ದರೆ
ಗಾಜಿಗೆ ಮಂಜು ಕಟ್ಟಿ ಒಳಗಿನದೆಲ್ಲ ಮಾಯ,
ಹಿಂದೆ ನಿಂತವರ ಕೆಮ್ಮು.

ಕೊನೆಗೆ ಡಬ್ಬಿ ಬಿಟ್ಟೆ, ನಾನೇ ಕಂಡುಕೊಂಡೆ.
ಚಹಾ ಕಪ್ಪಿನಲ್ಲಿ ಎರಡು ಮೊಟ್ಟೆ, ಹಿಡಿ ಪಾಲಕ್, ಮೆಣಸು;
ಒಂದು ನಿಮಿಷ, ಕದಡು, ಮತ್ತೆ ಅರ್ಧ.
ಸರೋವರದ ಬಿಳಿಮೀನು, ನಿಂಬೆ, ಸಬ್ಬಸಿಗೆ,
ಮೇಲೊಂದು ತಟ್ಟೆ ಮುಚ್ಚಿ ಮೂರು ನಿಮಿಷ.
ಗುರುವಾರ ಬಟಾಣಿ ಸೂಪು. ಅದು ತಪ್ಪುವಂತಿಲ್ಲ,
ಅವನಮ್ಮ ಫಿನ್ಲೆಂಡಿನಿಂದ ತಂದ ಕಟ್ಟಳೆ;
ಆದರೆ ಒಂದೇ ಸೌಟು, ಅಳೆದು.
ಏಳು ಡಬ್ಬಿ, ಏಳು ವಾರ, ದಪ್ಪಕ್ಷರದ ಚೀಟಿ.
ಫ್ರೀಜರು ತುಂಬಿಸಿ, ಬೀಗುತ್ತ ಮನೆಗೆ ಹೋದೆ.

ಮೂರನೆಯ ಶನಿವಾರ ಬಾಗಿಲು ತೆಗೆದರೆ
ಸೋಮವಾರ ಇದ್ದಲ್ಲೇ ಇದೆ. ಮಂಗಳವಾರವೂ.
ಗುರುವಾರದ ಮೇಲೆ ಹಿಮದ ತೊಗಲು.
ಬೆರಳು ಚುಚ್ಚಿದೆ, ಯಂತ್ರ ಹದಿನೇಳು ಎಂದಿತು,
ಏಳು ಎಂದರೆ ನಾವು ಹಿಗ್ಗುವ ಕಡೆ.
ಮೇಜಿನ ಖಾನೆಯಲ್ಲಿ ಬಿಸ್ಕತ್ತಿನ ಪುಡಿ,
ಏಲಕ್ಕಿ ಬನ್ನಿನ ಕಾಗದ,
ಚಿಕ್ಕ ಚಿಕ್ಕ ಉಂಡೆಯಾಗಿ ಉರುಟಿದ್ದು.

ಕೂಗಾಡಿದೆ. ಒಪ್ಪುತ್ತೇನೆ.
ನಿನಗೋಸ್ಕರ ನಾನು, ಎಂದು ಶುರುಮಾಡಿ
ಒಂದು ಮಾತೂ ದಡ ಸೇರದ ಹಾಗೆ.
ರೇವಿನ ಕಣಜಗಳಲ್ಲಿ ಮೂವತ್ತೊಂದು ವರ್ಷ
ಹಡಗುಗಳ ಹೊಟ್ಟೆಗೆ ಗೋಧಿ ಸುರಿದ ಮನುಷ್ಯ
ಅಂಗೈ ನೋಡುತ್ತ ಕೂತ.
ಬಹಳ ಹೊತ್ತಾದ ಮೇಲೆ:
"ಸೈಮಿ, ಅದು ಎಲ್ಲಾ ಕಡೆ ನುಣ್ಣಗಿದೆ."

ಯಾವುದು?
ಎದ್ದು ಹೋಗಿ ಮೈಕ್ರೊವೇವಿನ ಮುಖ ಸವರಿದ,
ಕುದುರೆಯ ಹಣೆ ಸವರುವಂತೆ.
ಗುಂಡಿಯೆಂಬುದೇ ಇಲ್ಲ. ನುಣುಪು ಹಾಳೆಯ ಕೆಳಗೆ
ಬೂದಿಯ ಮೇಲೆ ಬೂದು ಅಂಕಿ.
ಸಕ್ಕರೆ ಅವನ ನೋಟದ ನಡುವನ್ನು ತಿಂದು ಅಂಚು ಬಿಟ್ಟಿತ್ತು.
ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಟಿ ಬರೆದಿದ್ದೆ,
ದಪ್ಪಕ್ಷರದಲ್ಲಿ.
ಒಮ್ಮೆ ಮೂರಕ್ಕೆ ಮೂವತ್ತು ಬಿದ್ದು
ಮೀನು ಇದ್ದಿಲಾಯಿತಂತೆ.
ಸೊನ್ನೆಗಿಂತ ಇಪ್ಪತ್ತು ಕೆಳಗಿನ ಆ ರಾತ್ರಿಗೆ ಕಿಟಕಿ ತೆರೆದು
ಟವೆಲು ಬೀಸಿ ಬೀಸಿ ಹೊಗೆ ಓಡಿಸಿದನಂತೆ,
ಇದನ್ನೂ ಒಯ್ದುಬಿಟ್ಟಾರೆಂದು.

ಚೀಲದ ತಳದಲ್ಲಿ ಉಗುರುಬಣ್ಣದ ಸೀಸೆಯಿತ್ತು,
ಯಾವುದೋ ಮದುವೆಯದು, ಅರ್ಧ ಒಣಗಿದ್ದು.
ಮೂರರ ಮೇಲೆ ಒಂದು ಚುಕ್ಕೆ,
ಅರ್ಧ ನಿಮಿಷದ ಮೇಲೆ ಎರಡು,
ನಿಲ್ಲಿಸುವುದಕ್ಕೆ ಉದ್ದ ಗೆರೆ.
ಒಂದು ಪದರ ಸಾಲದು; ಒಣಗಿಸಿ ಇನ್ನೊಂದು, ಮತ್ತೊಂದು,
ಬೆರಳಿಗೆ ಉಬ್ಬು ಸಿಗುವ ತನಕ.
ನಾನು ಊದಿದೆ. ಅವನೂ ಬಂದು ಕೆನ್ನೆಯುಬ್ಬಿಸಿದ.
ಯಾವ ಬಣ್ಣ? ಎಂದ. ಕೆಂಪು.
ಹಾಗಾದರೆ ಸರಿ, ಎಂದ.

ಶನಿವಾರವೇ ಆದರೂ ಗುರುವಾರವನ್ನು ಕೈಗೆತ್ತಿಕೊಂಡ.
ನಾನು ಕೈ ಕಟ್ಟಿ ನಿಂತೆ; ಅದೇ ಕಷ್ಟದ ಕೆಲಸ.
ಬೆರಳು ಅಲೆದಾಡಿತು, ದಾಟಿ ಹೋಯಿತು, ಮರಳಿತು,
ಚುಕ್ಕೆಯ ಮೇಲೆ ನಿಂತಿತು.
ಒಳಗೆ ದೀಪ ಹತ್ತಿ ತಟ್ಟೆ ತಿರುಗತೊಡಗಿತು.

ಮೊದಲ ಚಮಚಕ್ಕೇ ಮುಖ ಹಿಂಡಿದ:
ನಡುವೆ ಇನ್ನೂ ಹಿಮ.
ಎರಡು ಚುಕ್ಕೆ ಒತ್ತು, ಎಂದೆ.
ಒತ್ತಿದ.
ಏಲಕ್ಕಿ ಬನ್ನಿನ ಸುದ್ದಿಯನ್ನು
ಇಬ್ಬರೂ ಎತ್ತಲಿಲ್ಲ.