ಹನ್ನೆರಡು ಮನೆ

ಅಡ್ಡಹೆಸರಿಗೆಂದು ಅರ್ಜಿಯಲ್ಲಿ ಹನ್ನೆರಡು ಮನೆ ಬಿಟ್ಟಿದ್ದಾರೆ.
ನನ್ನದು ರಜಾಫಿಮಹತ್ರತ್ರ,
ರೋಮನ್ನಿನಲ್ಲಿ ಹದಿನಾರು ಅಕ್ಷರ.
ನಾಲ್ಕು ಹೊಸ್ತಿಲಾಚೆ ಉಳಿದವು, ಚಪ್ಪಲಿಗಳ ಹಾಗೆ.
ಹೆಸರಿನ ಅರ್ಥ: ಹೋಗಿ ಮುಟ್ಟಬಲ್ಲ ಮೊಮ್ಮಗು.
ಮನೆ ಮುಗಿದಲ್ಲಿಗೆ ನಾನು
ಇನ್ನೂ ಮುಟ್ಟದ ಮೊಮ್ಮಗು.

ಫಿಯಾನರಂಚುವಾದ ಪೇಟೆಯಿಳಿಜಾರಿನ ಸೈಬರ್ ಅಂಗಡಿ.
ಏಳಕ್ಕೆ ಕರೆಂಟು ಹೋಗುತ್ತದೆ, ಬೇಗ, ಎಂದು
ಆರೂವರೆಯಿಂದ ಹೇಳುತ್ತಲೇ ಇದ್ದಾನೆ ಸುಲುಫು.

ಭೇಟಿಯ ಉದ್ದೇಶ?
ಒಂದು ಕಪ್ಪೆಯನ್ನು ನೋಡುವುದು.
ಅಳಿಸಿದೆ.
‘ಮಾದರಿ ಜೀವಿಯ ದೇಹ ಮತ್ತು ಧ್ವನಿಗಳ ತುಲನೆ’
ಎಂದು ಬರೆದೆ. ಮಾತು ಅದೇ,
ಕೋಟು ತೊಡಿಸಿದೆ, ಅಷ್ಟೆ.

ಕಪ್ಪೆ ನಮ್ಮದು. ನಮ್ಮ ಮೂಡಣ ಗುಡ್ಡದ್ದು.
ನೂರಮೂವತ್ತು ವರ್ಷದ ಹಿಂದೆ ಹಡಗು ಹತ್ತಿ ಹೋಗಿ
ಲೈಡನ್ನಿನಲ್ಲಿ, ಮೂರನೆಯ ಮಹಡಿಯಲ್ಲಿ,
ಸಾರಾಯಿಯ ಸೀಸೆಯೊಳಗೆ ಬಣ್ಣ ಬಿಟ್ಟು ಕೂತಿದೆ.
ಚೀಟಿಯ ಫೋಟೋ ಕಳಿಸಿದ್ದಾರೆ:
ಇಸವಿ. ಗುಡ್ಡದ ಹೆಸರು, ತಪ್ಪು ಕಾಗುಣಿತದಲ್ಲಿ.
‘ಸ್ಥಳೀಯ ಹುಡುಗನೊಬ್ಬ ತಂದುಕೊಟ್ಟದ್ದು.’
ಹುಡುಗನಿಗೆ ಒಂದು ಮನೆಯನ್ನೂ ಬಿಟ್ಟಿಲ್ಲ.

ಕೂಗು ಮಾತ್ರ ನನ್ನ ಹತ್ತಿರ ಇದೆ.
ಹನ್ನೊಂದು ಸೆಕೆಂಡು.
ಮಾರ್ಚಿಯ ಒಂದು ರಾತ್ರಿ, ಮೊಣಕಾಲುದ್ದ ನೀರಿನಲ್ಲಿ,
ಉಸಿರು ಕಟ್ಟಿ ಹಿಡಿದದ್ದು.
ತಗಡಿನ ಬಟ್ಟಲಿಗೆ ಯಾರೋ ಒಂದೊಂದೇ ಮಣಿ ಹಾಕಿದ ಹಾಗೆ:
ಟಿಣ್, ಟಿಣ್, ಆಮೇಲೆ ನನ್ನ ಕೆಮ್ಮು.
ಮರುವರ್ಷ ಗುಡ್ಡಕ್ಕೆ ಬೆಂಕಿ ಬಿತ್ತು.
ಮೂರು ಮಳೆಗಾಲ ಹೋಗಿ ನಿಂತು ಬಂದೆ.
ನೀರಿದೆ, ನೊಣವಿದೆ. ಬೇರೆ ಕಪ್ಪೆಗಳು ಬೇಕಾದಷ್ಟು.

ಕೂಗಿದ್ದು ಅದೇನೋ, ಅದರ ದಾಯಾದಿಯೋ,
ಗಂಟಲ ಚೀಲ ಅಳೆಯದೆ ಹೇಳಲಾರೆ.
ಮೈ ಅವರಲ್ಲಿ, ದನಿ ನನ್ನಲ್ಲಿ;
ಎರಡನ್ನೂ ಒಂದೇ ಮೇಜಿನ ಮೇಲಿಡಲು
ತೊಂಬತ್ತು ದಿನ ಬೇಡುತ್ತಿದ್ದೇನೆ.

ಡಾಕ್ಟರ್ ಹೂಕ್‌ಸ್ಟ್ರಾ ಉತ್ತರಿಸಿದ್ದಾರೆ: ‘ಶ್ರೀಮಾನ್ ವುವಾಹಿರಾನರಿಗೆ...’
ವುವಾಹಿರಾನ ಎಂದರೆ ನೈದಿಲೆ.
ನೈದಿಲೆಗೆ ಮೀಸೆ ಬಂತೆಂದು ಅಕ್ಕ ಬಿದ್ದು ಬಿದ್ದು ನಕ್ಕಳು.
‘ಅತಿಥಿ ವಿದ್ಯಾರ್ಥಿಯಾಗಿ ನಿಮಗೆ ಸ್ವಾಗತ.
ಮೇಜಿನ ಶುಲ್ಕದ ವಿವರ ಲಗತ್ತಿಸಿದೆ.’
ನಮ್ಮಲ್ಲಿ ಅತಿಥಿಗೆ ಮೊದಲು
ತಳ ಹತ್ತಿದ ಅನ್ನ ಕುದಿಸಿದ ನೀರು ಕೊಡುತ್ತೇವೆ, ಬಿಸಿಬಿಸಿ.
ಲೆಕ್ಕ ಇಡುವುದಿಲ್ಲ.

ಬ್ಯಾಂಕಿನ ಶಿಲ್ಕು, ಮೂರು ತಿಂಗಳದ್ದು:
ಅಕ್ಕನ ಹೊಲಿಗೆ ಯಂತ್ರ ಮಾರಿದ ಹಣ,
ರೈಲ್ವೆ ಮಾವನ ಪಿಂಚಣಿ,
ಚರ್ಚಿನ ಗಾಯನ ಮಂಡಳಿಯ ಹುಂಡಿ.
ಯಾವುದನ್ನೂ ಮುಟ್ಟುವ ಹಾಗಿಲ್ಲ. ಸುಮ್ಮನೆ ಬಂದು ಕೂತಿವೆ,
ಮೈ ತುಂಬಿದಂತೆ ಕಾಣಲಿ ಎಂದು.
ಜೂನ್ ಹತ್ತಕ್ಕೆ ಅವರವರ ಮನೆಗೆ ಹೊರಡುತ್ತವೆ.
ಅವೂ ಅತಿಥಿಗಳೇ.

ಐದು ವರ್ಷದ ಮುಂದೆ ನಿಮ್ಮನ್ನು ಎಲ್ಲಿ ಕಾಣುತ್ತೀರಿ?

ನಮ್ಮ ಮಾತಿನಲ್ಲಿ ಆಗಿಹೋದದ್ದು ಕಣ್ಣೆದುರು ಇರುತ್ತದೆ.
ಬರಲಿರುವುದು ಬೆನ್ನ ಹಿಂದಿನಿಂದ ಬರುತ್ತದೆ,
ಕತ್ತಿಗೆ ತಗಲುವ ಉಸಿರಷ್ಟೇ ಗೊತ್ತು.
ಹಾಗಾಗಿ ಮುಂದೆ ನೋಡೆಂದರೆ
ನನಗೆ ಕಾಣುವವನು ಆ ಹುಡುಗ.
ಬೊಗಸೆ ಮುಚ್ಚಿಕೊಂಡು ಗುಡ್ಡ ಇಳಿಯುತ್ತಿದ್ದಾನೆ.
ಬೆರಳ ಸಂದಿಯಲ್ಲಿ ನೀರು ಸೋರುತ್ತಿದೆ.
ಏನು ಕೊಟ್ಟರು ಅವನಿಗೆ? ಚಿಟಿಕೆ ಉಪ್ಪು? ಹಿತ್ತಾಳೆಯ ಗುಂಡಿ?
ದಾರಿಯಲ್ಲಿ ಅದು ಕೂಗಿರಬೇಕು,
ಅಂಗೈ ಅದಿರಿರಬೇಕು.
ದನಿ ಮೈ ಎರಡನ್ನೂ ಒಟ್ಟಿಗೆ ಹಿಡಿದವನು
ಅವನೊಬ್ಬನೇ.

ಶಿಫಾರಸು ಮಾಡುವವರು, ಇಬ್ಬರು.
ಮೊದಲನೆಯದು ನನ್ನ ಪ್ರೊಫೆಸರು.
ಎರಡನೆಯದರಲ್ಲಿ ‘ಸ್ಥಳೀಯ ಹುಡುಗ’ ಎಂದು ಬರೆದು
ಸ್ವಲ್ಪ ಹೊತ್ತು ನೋಡಿದೆ.
ಆಮೇಲೆ ಡೀನರ ಹೆಸರು ಹಾಕಿದೆ.

ಕಳಿಸು ಒತ್ತಿದ್ದಕ್ಕೂ ಬೀದಿಯೆಲ್ಲ ಕತ್ತಲಾದದ್ದಕ್ಕೂ
ನಡುವೆ ಎಷ್ಟು ಹೊತ್ತಿತ್ತೋ.
ಸುಲುಫು ಮೇಣದಬತ್ತಿ ಹಚ್ಚಿ
ಚಿಲ್ಲರೆ ಎಣಿಸುತ್ತಾ ಕೇಳಿದ, ‘ಹೋಯಿತಾ?’
ಕೇಳಿದ್ದು ಕರೆಂಟೋ ಅರ್ಜಿಯೋ.
ಹೋಯಿತು, ಅಂದೆ.