ನಾಜಿಬ್ರೋಲಾಳ ಹೆಗಲು

ಕುತಾಯಿಸಿಯ ಬೇಕರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಬಾವಿಯಂಥ ಮಣ್ಣೊಲೆಗೆ ಸೊಂಟದವರೆಗೂ ಬಾಗಿ
ಒಳಗೋಡೆಗೆ ರೊಟ್ಟಿ ಬಡಿದವಳು
ಈಗ ಬಾಚಣಿಗೆ ನನ್ನ ಕೈಗೆ ಕೊಡುತ್ತಾಳೆ.

ಫ್ಲೂ ಸೂಜಿ ಚುಚ್ಚಿದ್ದು ಎಡತೋಳಿಗೆ.
ಹನ್ನೊಂದನೇ ದಿನ ಎರಡೂ ಹೆಗಲ
ಕೀಲಿಗೆ ಬೀಗ ಬಿತ್ತು.
ನಸುಕಿನಲ್ಲಿ ಅವಳನ್ನು ಎಬ್ಬಿಸಿ ಕೂರಿಸುವುದೆಂದರೆ
ತುಕ್ಕು ಹಿಡಿದ ಗೇಟು ತೆರೆದಂತೆ;
ಕಿರುಗುಟ್ಟುವುದು ಮಾತ್ರ ನಾನು.

"ಸೂಜಿಯಿಂದಲೇ?"
ಡಾಕ್ಟರ್ ಎತೇರಿ ರಕ್ತದ ಚೀಟಿ ಮಡಚಿದಳು:
"ಇರಬಹುದು. ಇಲ್ಲದೆಯೂ ಇರಬಹುದು.
ಮೊದಲು ಬಂದದ್ದೆಲ್ಲ ಕಾರಣವಲ್ಲ, ಅವ್ತಾಂದಿಲ್."
ಉರಿಯೂತ ಎಂದು ಬರೆದು
ಕೆಳಗೆ ಮಾತ್ರೆಯ ಹೆಸರು ಬರೆದಳು.

ಉತ್ತರ ಸಿಗಲಿಲ್ಲ. ಮಾತ್ರೆ ಸಿಕ್ಕಿತು.

ನಾಲ್ಕನೇ ಬೆಳಗ್ಗೆ
ಕೈಯನ್ನು ತಲೆಯ ಹಿಂದಕ್ಕೊಯ್ದು
ಅರ್ಧ ಹೆಣೆದ ಜಡೆಯನ್ನು
ನನ್ನ ಬೆರಳಿಂದ ಕಿತ್ತುಕೊಂಡಳು:
"ಇದೇನು, ಹಗ್ಗ ಹೊಸೀತಿದ್ದೀಯಾ?"