ಅರಳೀಮರ ದಾಟಿ

ಹಾಸನದ ಪಶುವೈದ್ಯ ಕಾಲೇಜು. ಓಡುವ ಪಟ್ಟಿಯ ಮೇಲೆ ಕುದುರೆ,
ಮೂತಿಗೆ ಉಸಿರಳೆಯುವ ಚೀಲ.
ಕುಕ್ಕುಲೋಟದಲ್ಲೇ ಹಿಡಿದು ವೇಗ ಹೆಚ್ಚಿಸಿದೆ:
ಪರದೆಯ ಗೆರೆ ಏಣಿ ಹತ್ತಿತು.
ನಾಗಾಲೋಟಕ್ಕೆ ಬಿಟ್ಟೆ;
ಅದೇ ವೇಗ, ಉಸಿರು ಅಗ್ಗ.

"ಇದಕ್ಕಿಷ್ಟು ವೈರು ಬೇಕಾ ಮೇಡಂ?"
ಹುಲ್ಲು ಹಾಕುವ ದಸ್ತಗೀರ್ ಸಾಬರು ನಕ್ಕರು.
ಸ್ಟೇಷನ್ನಿಂದ ಕಟ್ಟಿನಕೆರೆ ಮಾರ್ಕೆಟ್ಟಿಗೆ
ಇಪ್ಪತ್ತು ವರ್ಷ ಜಟಕಾ ಹೊಡೆದವರು.
"ನಾಲ್ಕು ಜನ ಹತ್ತಿದ್ರೆ ಅಂಚೆ ಕಚೇರಿ ಹತ್ರಾನೇ ಕಾಲು ಬದಲಿಸೋಳು,
ಇಬ್ಬರೇ ಆದ್ರೆ ಅರಳೀಮರ ದಾಟಿ.
ಮೂಳೆ ಹೇಳುತ್ತೆ.
ನಾನು ಲಗಾಮು ಮುಟ್ಟಿದ್ದಿಲ್ಲ."

ಮೂರನೇ ಸಲದ ಅಂಕಿ ಬರೆದುಕೊಂಡೆ.
ಹೊರೆ ಎಂಬ ಕಾಲಮ್ಮು
ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಸಾಬರು ಬಕೆಟ್ಟು ಹಿಡಿದು ಹೊರಟರು:
ಎಡಗಾಲು, ಕೋಲು,
ತಡವಾಗಿ ಬಲಗಾಲು.
ಕುದುರೆ ಅತ್ತ ಕಿವಿ ತಿರುಗಿಸಿತು.